ಬೆಣೆಗೆ ಬಗ್ಗದ ಪ್ರೆಸ್ಸು

ವರ್ಕ್‌ಶಾಪಿನಲ್ಲಿ ಅವಳು ಎಲ್ಲರಿಗೂ ಫಿಟ್ಟರಕ್ಕ. ತಗಡು ಒತ್ತಿ ಡಬ್ಬಿಯ ಮುಚ್ಚಳ ಮಾಡುವ ಹೊಸ ಪ್ರೆಸ್ಸು ಅವಳ ಕೈಯಲ್ಲೇ ಹುಟ್ಟಿದ್ದು. ಅದಕ್ಕೆ ಅಂಗೈ ಅಗಲದ ಎರಡು ಗುಂಡಿ. ಎರಡನ್ನೂ ಒಟ್ಟಿಗೆ ಅದುಮಿದರೆ ಮಾತ್ರ ಅಚ್ಚು ಕೆಳಗಿಳಿಯುತ್ತದೆ. ಕೈಗಳು ಗುಂಡಿಯ ಮೇಲಿದ್ದರೆ ಅಚ್ಚಿನ ಕೆಳಗಿರುವುದಿಲ್ಲವಲ್ಲ!

ನಾಲ್ಕು ಹಳೆಯ ಪ್ರೆಸ್ಸುಗಳಿಗೂ ಎರಡೆರಡು ಗುಂಡಿ ಇದ್ದವು. ಆದರೆ ಒಂದು ಗುಂಡಿಗೆ ಮರದ ಬೆಣೆ ಸಿಕ್ಕಿಸಿ ಒಂದೇ ಕೈಯಲ್ಲಿ ಕೆಲಸ ಓಡಿಸುವುದು ಅಲ್ಲಿನ ರೂಢಿ. ಎಂಟು ವರ್ಷದ ಹಿಂದೆ, ಅಂಥದ್ದೊಂದು ಪ್ರೆಸ್ಸು ಓಡಿಸುತ್ತಿದ್ದ ತನ್ನ ಅಣ್ಣ ಕೇಳಿದನೆಂದು ಬೆಣೆ ಕೆತ್ತಿಕೊಟ್ಟವಳು ಇವಳೇ. ಮೂರನೇ ದಿನ ಅವನ ಬಲಗೈಯ ಮೂರು ಬೆರಳು ಹೋದವು. ಪುಣ್ಯಾತ್ಮ ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

“ಏನಮ್ಮಾ ಇದು? ಬೆಣೆ ಹಾಕಿದ್ರೆ ಮಿಷಿನ್ ಅಲ್ಲಾಡೋದೇ ಇಲ್ಲ!” ಮಾಲೀಕರು ಕೂಗಾಡಿದರು.

“ಹೌದು ಸಾರ್. ಪ್ರತಿ ಸಲ ಎರಡೂ ಕೈ ಎತ್ತಿ ಮತ್ತೆ ಒತ್ತಬೇಕು. ಬೇಕೂಂತಲೇ ಹಾಗೆ ಮಾಡಿದ್ದು.”

“ಗಂಟೆಗೆ ನೂರು ಮುಚ್ಚಳ ಕಮ್ಮಿಯಾಗುತ್ತೆ. ಮಿಷಿನ್‌ಗೇನು ಕರುಳಿದೆಯಾ? ತೆಗೆದುಹಾಕು ಅದನ್ನ. ಇಲ್ಲದಿದ್ರೆ ನಾಳೆಯಿಂದ ಬರಬೇಡ.”

“ಮಾಡಿದೋರ ಕರುಳೇ ಅದಕ್ಕೆ ಬರೋದು ಸಾರ್. ಹಳೇದಕ್ಕೆ ನಿಮ್ಮ ಅವಸರ ಬಂತು, ನನ್ನ ದಡ್ಡತನವೂ ಬಂತು. ಇದಕ್ಕೆ ಎರಡೂ ಬೇಡ.”

ಜೇಬಿನಿಂದ ಒಂದು ಮರದ ತುಂಡು ತೆಗೆದು ಅವರ ಮುಂದಿಟ್ಟಳು. ಅದರ ಮೇಲಿನ ರಕ್ತದ ಕಲೆ ಕಪ್ಪಾಗಿತ್ತು.

“ಇದೇ ಆ ಬೆಣೆ. ಆ ಹಳೇ ಪ್ರೆಸ್ಸೂ ಅಲ್ಲೇ ಇದೆ. ನಿಮ್ಮ ಕೈಯಾರೆ ಹತ್ತೇ ಹತ್ತು ಮುಚ್ಚಳ ಒತ್ತಿ ತೋರಿಸಿ. ಆಮೇಲೆ ನೀವು ಹೇಳಿದ ಹಾಗೆ ಕೇಳ್ತೀನಿ.”

ಮಾಲೀಕರ ಎರಡೂ ಕೈ ತಾವಾಗಿಯೇ ಪ್ಯಾಂಟಿನ ಜೇಬಿಗೆ ಹೋದವು. ಯಾರೋ ಕಿಸಕ್ಕನೆ ನಕ್ಕರು. ಮಾಲೀಕರ ಮುಖ ಕೆಂಡವಾಯಿತು.

“ನೀನಲ್ಲದಿದ್ರೆ ಇನ್ನೊಬ್ಬ ತೆಗೀತಾನೆ! ಯಾರಪ್ಪಾ, ಬನ್ನಿ!”

ಉಳಿದ ಫಿಟ್ಟರ್‌ಗಳು ಸೂರನ್ನು ಅಂದೇ ಹೊಸದಾಗಿ ಹೊದಿಸಿದ್ದಾರೇನೋ ಎಂಬಂತೆ ಮೇಲೆ ನೋಡುತ್ತ ನಿಂತರು. ಒಬ್ಬನೂ ಕದಲಲಿಲ್ಲ. ಅವಳು ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬತೊಡಗಿದಳು. ಕೆಲಸ ಹೋದರೆ ಹೋಗಲಿ, ಇನ್ನೊಂದು ಬೆಣೆ ಮಾತ್ರ ಈ ಕೈ ಕೆತ್ತುವುದಿಲ್ಲ.

ಅಷ್ಟರಲ್ಲಿ ಮೂಲೆಯಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದ ಅಣ್ಣ ಎದ್ದುಬಂದ. ಎಂಟು ವರ್ಷದಿಂದ ಯಾವ ಪ್ರೆಸ್ಸಿನ ಹತ್ತಿರವೂ ಸುಳಿಯದವನು ಹೊಸ ಪ್ರೆಸ್ಸಿನ ಮುಂದೆ ಕೂತ. ತಗಡು ಇಟ್ಟ. ಎಡಗೈ ಒಂದು ಗುಂಡಿಯ ಮೇಲೆ, ಎರಡೇ ಬೆರಳಿನ ಬಲಗೈ ಇನ್ನೊಂದರ ಮೇಲೆ. ಅಂಗೈ ಪೂರ್ತಿ ಕೂತಿತು. ಅದುಮಿದ. ಮುಚ್ಚಳ ಟಣ್ಣೆಂದು ತಟ್ಟೆಗೆ ಬಿತ್ತು.

ಅವನು ಮಾಲೀಕರ ಕಡೆ ತಿರುಗಿಯೂ ನೋಡಲಿಲ್ಲ.

“ಚೀಲ ಕೆಳಗಿಡು ಪುಟ್ಟಿ,” ಎಂದ. “ಇನ್ನೂ ನಾಲ್ಕು ಹಳೇ ಮಿಷಿನ್ ಇವೆ, ಅವನ್ನೂ ಹೀಗೇ ಮಾಡ್ಬೇಕು.”