ಮುನ್ನೂರು ಪದಗಳ ಪೆಟ್ಟಿಗೆ

ಒಂದಾನೊಂದು ಕಡಲೂರಿನಲ್ಲಿ ಮೀನಿನ ತಲೆ ಸೀಳುವ ಅಜ್ಜಿಯೊಬ್ಬಳಿದ್ದಳು, ಒಂದು ದಿನ ಆಕೆ ಕಾಡ್ ಎಂಬ ಕಡಲಮೀನಿನ ಕಿವಿಯೊಳಗಿಂದ ಬಿಳಿ ಕಲ್ಲೊಂದನ್ನು ತೆಗೆದು ಮೊಮ್ಮಗಳ ಅಂಗೈಯಲ್ಲಿಟ್ಟಳು — ಇದು ಎಷ್ಟನೆಯದು, ನಾಲ್ಕನೆಯದೋ ಐದನೆಯದೋ, ಕಿಟಕಿಯ ಬೆಳಕು ಪರದೆಗೆ ಬಡಿದು ಅಕ್ಷರಗಳು ಮಸುಕಾಗುತ್ತಿವೆ, ನಾನು ಅಂಕ ಹಾಕಬೇಕಾದ ಹದಿನಾಲ್ಕನೇ ನಂಬರಿನ ಅರ್ಜಿ, ಹೆಸರಿಲ್ಲ, ವಿಳಾಸವಿಲ್ಲ, ಹೆಸರು ಕಂಡರೆ ಪಕ್ಷಪಾತವಾಗುತ್ತದೆಂದು ಮುಚ್ಚಿದ್ದಾರೆ, ಆದರೆ ಅಜ್ಜಿಯನ್ನು ಮುಚ್ಚುವುದು ಹೇಗೆ, ಇವಳು ನನ್ನ ಅಜ್ಜಿ, ಗ್ರಿಮ್ಸ್‌ಬಿಯ ಈನಿಡ್ ಟಾಸ್ಕರ್, ನಾನು ನ್ಯಾನಾ ಎಂದು ಕರೆಯುವವಳು, ಅವಳ ಕಲ್ಲು, ಅವಳ ಕಥೆ, ಕಲ್ಲಿನಲ್ಲಿ ವರ್ಷಕ್ಕೊಂದು ಬಳೆ ಇರುತ್ತೆ ಮರೀ, ಮೀನಿನ ವಯಸ್ಸೆಲ್ಲ ಅದರ ಕಿವೀಲೇ ಬರೆದಿರುತ್ತೆ, ಎನ್ನುತ್ತಿದ್ದಳು, ನಾನು ಅವಳ ಮಗ್ಗುಲಲ್ಲಿ ಕಾಲು ಮಡಚಿ ಮಲಗಿ ನನ್ನ ಕಿವಿಯನ್ನೇ ಮುಟ್ಟಿ ನೋಡಿಕೊಳ್ಳುತ್ತಿದ್ದೆ, ನನ್ನೊಳಗೆ ಎಷ್ಟು ಬಳೆ ಎಂದು. ಎರಡು ವರ್ಷದ ಹಿಂದೆ ಇದೇ ಅರ್ಜಿಯ ಇದೇ ಮುನ್ನೂರು ಪದದ ಪೆಟ್ಟಿಗೆಯಲ್ಲಿ ಅದನ್ನೇ ಬರೆದೆ, ಸೀಟು ಸಿಕ್ಕಿತು, ಬೇಸಿಗೆಯ ಎಂಟು ವಾರ ಪ್ರಯೋಗಾಲಯದಲ್ಲಿ ಕೆಲಸ, ಅದಕ್ಕೆ ಸಂಬಳ, ಅದು ದೊಡ್ಡ ಮಾತು, ಮೊದಲೆಲ್ಲ ಇಂಥ ಕಡೆ ಪುಕ್ಕಟೆ ದುಡಿಯಬೇಕಿತ್ತು, ಬೇಸಿಗೆಯನ್ನು ಪುಕ್ಕಟೆ ಕಳೆಯಬಲ್ಲವರ ಮಕ್ಕಳೇ ಬರುತ್ತಿದ್ದರು, ಪ್ರೊಫೆಸರರ ಸ್ನೇಹಿತರ ಮಗ, ನೆರೆಮನೆಯ ಡಾಕ್ಟರರ ಮಗಳು, ನಮ್ಮಂಥವರು ಆ ಎಂಟು ವಾರ ಚಿಪ್ಸ್ ಅಂಗಡಿಯಲ್ಲಿ ಆಲೂಗಡ್ಡೆ ಕರಿಯುತ್ತಿದ್ದೆವು. ಈಗ ಬಾಗಿಲು ತೆಗೆದಿದೆ ಎಂದು ಪೋಸ್ಟರಿನಲ್ಲಿದೆ, ಪೋಸ್ಟರಿನಲ್ಲಿ ನಾನೂ ಇದ್ದೇನೆ, ಕಣ್ಣಿಗೆ ಪ್ಲಾಸ್ಟಿಕ್ ಕನ್ನಡಕ ಹಾಕಿಕೊಂಡು ಖಾಲಿ ಗಾಜಿನ ನಳಿಕೆಯೊಂದನ್ನು ಬೆಳಕಿಗೆ ಹಿಡಿದು ನಗುತ್ತಿದ್ದೇನೆ. ಡಿಗ್ರಿ ಮುಗಿದು ವರ್ಷವಾಯಿತು, ಯಾವ ಪ್ರಯೋಗಾಲಯವೂ ಕರೆಯಲಿಲ್ಲ, ಕಾಲ್ ಸೆಂಟರಿನಲ್ಲಿ ಬಾಯ್ಲರ್ ವಿಮೆ ಮಾರುತ್ತೇನೆ, ಹಿಂದೆ ಸೀಟು ಸಿಕ್ಕವಳೆಂದು ಇವತ್ತು ಅಂಕ ಹಾಕಲು ಕರೆದಿದ್ದಾರೆ, ಪೋಸ್ಟರಿನ ಹುಡುಗಿ ಮಾತ್ರ ಇನ್ನೂ ನಳಿಕೆಯೊಳಗೆ ಏನೋ ಕಾಣುತ್ತಿದೆ ಎಂಬಂತೆ ನೋಡುತ್ತಲೇ ಇದ್ದಾಳೆ.

ಮತ್ತೊಂದು ಅಜ್ಜಿ ಬಂತು ನೋಡಮ್ಮಾ, ಎಂದರು ಪಕ್ಕದ ಕುರ್ಚಿಯ ಗ್ರಹಾಂ, ನಿವೃತ್ತ ರಸಾಯನಶಾಸ್ತ್ರಜ್ಞ, ನನ್ನಂತೆ ಅಂಕ ಹಾಕಲು ಬಂದವರು, ಚಹಾದಲ್ಲಿ ಬಿಸ್ಕತ್ತು ಅದ್ದಿ ಅದ್ದಿ ಅರ್ಧ ಒಳಗೇ ಬೀಳಿಸಿಕೊಂಡಿದ್ದಾರೆ, ನನ್ನ ರಾಶೀಲಿ ಎರಡು, ನಿನ್ನ ರಾಶೀಲಿ ಎಷ್ಟು ಮರೀ, ಆ ಊರಿನ ಅಜ್ಜಿಯಂದಿರಿಗೆಲ್ಲ ಬೇರೆ ಕೆಲಸವೇ ಇಲ್ವಾ, ಮೀನಿನ ಕಿವಿ ಬಗೆಯೋದೇ ಕಸುಬಾ, ಎಂದು ನಗುತ್ತಾರೆ, ನಾನೂ ನಕ್ಕೆ, ನಗಬಾರದಿತ್ತು. ಮಾರ್ಚ್‌ನಲ್ಲಿ ನನ್ನ ಹಳೆಯ ಕಾಲೇಜಿಗೆ ನಾನೇ ಹೋಗಿದ್ದೆ, ಅರ್ಜಿ ಬರೆಯುವುದು ಹೇಗೆಂದು ಹೇಳಿಕೊಡಲು, ಹನ್ನೆರಡು ಮಕ್ಕಳು, ಕೋಟು ಬಿಚ್ಚದೆ ಕೂತವರು, ಅಂಗೈಯಲ್ಲಿ ಹಿಡಿದ ಒಂದು ವಸ್ತುವಿನಿಂದ ಶುರು ಮಾಡಿ, ಅಜ್ಜಿ ಕಥೆ ಹೇಳ್ತಾಳಲ್ಲ ಹಾಗೆ, ಎಂದೆ, ನನ್ನದನ್ನೇ ಮಾದರಿಯೆಂದು ಗೋಡೆಯ ಮೇಲೆ ಬೆಳಕಿನಲ್ಲಿ ತೋರಿಸಿದೆ, ಅವರು ಪೆನ್ನು ತೆಗೆದು ಗೋಡೆಯನ್ನೇ ಬರೆದುಕೊಂಡರು, ಎಷ್ಟು ಶ್ರದ್ಧೆಯಿಂದ ಬರೆದುಕೊಂಡರು, ನನಗೆ ಕಣ್ಣು ತುಂಬಿ ಬಂದಿತ್ತು ಆವತ್ತು. ಆ ಕಲ್ಲನ್ನು ನಾನೂ ಕಣ್ಣಾರೆ ಕಂಡವಳಲ್ಲ, ನ್ಯಾನಾ ಇಡೀ ಆಯುಷ್ಯ ಆಸ್ಪತ್ರೆಯ ನೆಲ ಒರೆಸಿದವಳು, ಮೀನು ಕೊಯ್ದವಳು ಅವಳ ಅಕ್ಕ, ಕಲ್ಲು ಬರೀ ಮಾತಿನಲ್ಲಿ ಇತ್ತು, ಮಾತಿನಿಂದ ನನ್ನ ಅಂಗೈಗೆ ಬಂತು, ನನ್ನ ಅಂಗೈಯಿಂದ ಈಗ ಇಷ್ಟು ಅರ್ಜಿಗಳಿಗೆ. ಬೆಳಿಗ್ಗೆ ಹೆಸ್ಟರ್ ಎಲ್ಲರ ಮುಂದೆ ಕೈಕಟ್ಟಿ ನಿಂತು ಹೇಳಿದರು, ಹೆಸ್ಟರ್ ಈ ಯೋಜನೆಯನ್ನು ಹತ್ತು ವರ್ಷ ಜಗಳವಾಡಿ ತಂದವರು, ಕೆಟ್ಟವರಲ್ಲ, ಅವರು ಅಂದದ್ದಿಷ್ಟು, ನೋಡಿ, ಇನ್ನೂರಕ್ಕೂ ಮೇಲೆ ಅರ್ಜಿ, ಸೀಟು ಆರು, ಒಂದೇ ಥರ ಬರೆದಿದ್ದು ಕಂಡ್ರೆ ಸ್ವಂತ ದನಿ ಅನ್ನೋ ಸಾಲಿನಲ್ಲಿ ಐದಕ್ಕೆ ಒಂದು ಅಂಕ ಕೊಡಿ ಸಾಕು, ಮೇಲೆ ಬರೋದಿಲ್ಲ ಬಿಡಿ ಅವು. ನಾನು ತಲೆಯಾಡಿಸಿದೆ, ಮಧ್ಯಾಹ್ನ ಒಂದು ಗಂಟೆಯೊಳಗೆ ನನ್ನ ಮೂವತ್ತನ್ನೂ ಮುಗಿಸಿಕೊಡ್ತೀನಿ ಎಂದು ಮಾತೂ ಕೊಟ್ಟೆ, ಈಗ ಹದಿನಾಲ್ಕಕ್ಕೆ ಒಂದು ಅಂಕ ಒತ್ತುತ್ತಿದ್ದೇನೆ, ನ್ಯಾನಾ, ನಿನಗೆ ಒಂದು.

ಇವುಗಳಲ್ಲಿ ಡೆಮಿಯದು ಯಾವುದು, ಬೆಳಗಿನಿಂದ ಅದೇ, ಪ್ರತಿ ಅಜ್ಜಿಯ ಹಿಂದೆಯೂ ಡೆಮಿಯನ್ನು ಹುಡುಕುತ್ತಿದ್ದೇನೆ, ನಮ್ಮ ಬೀದಿಯ ಕೊನೆಯ ಮನೆಯ ಹುಡುಗಿ, ನನ್ನ ಹಳೇ ಶೂ ಹಾಕಿಕೊಂಡು ಬೆಳೆದವಳು, ಎರಡನೇ ವರ್ಷದ ಜೀವಶಾಸ್ತ್ರ, ಬೇಸಿಗೆ ಬಂದರೆ ಕ್ಲೀಥಾರ್ಪ್ಸ್ ಕಡಲಂಚಿನ ಕ್ಯಾರವಾನ್ ಪಾರ್ಕಿನಲ್ಲಿ, ರಜೆಯವರು ತಂಗುವ ಗಾಲಿಮನೆಗಳಲ್ಲಿ, ಬಚ್ಚಲು ತೊಳೆಯುತ್ತಾಳೆ, ರಜೆಗೆ ಬಂದವರು ಖಾಲಿ ಮಾಡಿ ಹೋದಮೇಲೆ ಮುಂದಿನವರು ಬರುವಷ್ಟರಲ್ಲಿ ಇಪ್ಪತ್ತು ಕ್ಯಾರವಾನು, ಏಪ್ರಿಲ್‌ನಲ್ಲಿ ಫೋನು ಮಾಡಿದ್ದಳು, ಲೇ ಬ್ರಯನಿ, ಇದೊಂದು ಸಿಕ್ರೆ ಸಿಕ್ತು ಕಣೇ, ಇಲ್ದಿದ್ರೆ ನಾನು ಸೆಪ್ಟೆಂಬರಿಗೆ ಕಾಲೇಜಿಗೆ ವಾಪಸ್ ಹೋಗಲ್ಲ, ಪಾರ್ಕಿನವರು ವರ್ಷಪೂರ್ತಿ ಇರ್ತೀಯಾ ಅಂತ ಕೇಳ್ತಿದಾರೆ, ಹೂಂ ಅಂದ್ಬಿಡ್ತೀನಿ, ಅಮ್ಮನಿಗೂ ಹಾಗೇ ಇಷ್ಟ. ಥೂ, ಹಾಗೆಲ್ಲ ಅನ್ಬೇಡ, ನಾನು ಹೇಳಿದ ಹಾಗೆ ಬರಿ ನೀನು, ಎಂದೆ. ಬರೆಯಲು ನನ್ನ ಹತ್ರ ಏನಿದೆ, ಬಚ್ಚಲಲ್ಲಿ ಬರೋ ಗುಲಾಬಿ ಲೋಳೆ ಬಿಟ್ರೆ, ಎಂದು ನಕ್ಕಳು, ಆಮೇಲೆ ನಗು ನಿಲ್ಲಿಸಿ ಒಂದೇ ಉಸಿರಿಗೆ ಹೇಳಿದಳು, ಸ್ನಾನದ ತೊಟ್ಟಿಯ ತೂಬಿನ ಸುತ್ತ ಗುಲಾಬಿ ಬಳೆ ಬರುತ್ತೆ ನೋಡು, ತೊಳೆದ್ರೂ ಬರುತ್ತೆ, ಸಮುದ್ರದ ಕಡೆ ಕ್ಯಾರವಾನ್ ಸಾಲಿನಲ್ಲಿ ಮೂರೇ ದಿನಕ್ಕೆ, ಬೇಲಿ ಕಡೆ ಸಾಲಿನಲ್ಲಿ ಐದು ದಿನ, ಯಾಕೆ ಅಂತ, ಅದಕ್ಕೆ ಕೆಲವಕ್ಕೆ ಬ್ಲೀಚು ಹಾಕ್ದೆ, ಕೆಲವಕ್ಕೆ ವಿನೆಗರು, ನಾಲ್ಕಕ್ಕೆ ಬರೀ ನೀರು, ಎರಡು ಬೇಸಿಗೆ ಬರ್ಕೊಂಡಿದೀನಿ ಕಣೇ, ಕೆಲಸದ ಪಟ್ಟಿಯ ಹಿಂಭಾಗದಲ್ಲಿ. ನಾನು ಏನಂದೆ, ನಾನೇ ಅಂದದ್ದು, ಈ ಬಾಯಿಂದ, ಅಯ್ಯೋ ಬಚ್ಚಲ ಲೋಳೆ ಎಲ್ಲ ಬೇಡವೇ, ಅಸಹ್ಯ, ಮೊದಲು ಅಜ್ಜಿ ಬರಲಿ, ಕಲ್ಲು ಬರಲಿ, ಓದೋರ ಮನಸ್ಸು ಕರಗಲಿ, ಜಾಗ ಉಳಿದ್ರೆ ಕೊನೇಲಿ ಹಾಕ್ಕೋ ಅದನ್ನ. ಸರಿ ಬಿಡು, ನಿಂಗೆ ಗೊತ್ತಿರುತ್ತೆ, ಎಂದಳು, ದನಿ ಸ್ವಲ್ಪ ಇಳಿದಿತ್ತೇ ಆಗ, ಇಳಿದಿತ್ತು, ನಾನು ಕೇಳಿಸಿಕೊಳ್ಳಲಿಲ್ಲ.

ಹದಿನೆಂಟು, ಇಪ್ಪತ್ತು, ಒಬ್ಬನಿಗೆ ದೂರದರ್ಶಕ, ಒಬ್ಬಳಿಗೆ ಅಪ್ಪನ ಸಕ್ಕರೆ ಕಾಯಿಲೆ, ಅಂಕ ಮೂರು, ನಾಲ್ಕು, ಮೂರು, ಇಪ್ಪತ್ತಾರನೆಯದು, ಒಂದಾನೊಂದು ಕಡಲೂರಿನಲ್ಲಿ, ಮತ್ತೆ ಅಜ್ಜಿ, ಮತ್ತೆ ಕಲ್ಲು, ನನ್ನ ಬೆರಳು ಆಗಲೇ ಒಂದರ ಮೇಲಿದೆ, ಕಣ್ಣು ಸುಮ್ಮನೆ ಕೆಳಗೆ ಜಾರಿತು, ಕಡೆಯ ಸಾಲು, ಕ್ಯಾರವಾನಿನ ತೊಟ್ಟಿಯಲ್ಲಿ ಗುಲಾಬಿ ಬಣ್ಣದ ಲೋಳೆ ಮೂರು ದಿನಕ್ಕೆ ಮರಳಿ ಬರುತ್ತದೆ ಆದರೆ ಬೇಲಿಯ ಕಡೆಯ — ಅಷ್ಟೇ, ಅಲ್ಲಿಗೆ ಮುಗಿಯಿತು, ಮುನ್ನೂರು ಪದ ದಾಟಿದರೆ ಪೆಟ್ಟಿಗೆ ತಾನೇ ಕತ್ತರಿಸಿಬಿಡುತ್ತದೆ, ಬರೆದವರಿಗೆ ಹೇಳುವುದೂ ಇಲ್ಲ, ಇನ್ನೂರ ಎಂಬತ್ತೆಂಟು ಪದ ನನ್ನವು, ಹನ್ನೆರಡೇ ಅವಳವು, ಬ್ಲೀಚು ಒಳಗೆ ಬರಲಿಲ್ಲ, ವಿನೆಗರು ಬರಲಿಲ್ಲ, ಬರೀ ನೀರಿನ ಆ ನಾಲ್ಕು ತೊಟ್ಟಿ ಬರಲಿಲ್ಲ, ಪ್ರಯೋಗವೆಂದರೆ ಏನೆಂದು ಯಾರೂ ಹೇಳಿಕೊಡದೆ ಒಬ್ಬಳು ಮೊಣಕಾಲೂರಿ ಬಚ್ಚಲಲ್ಲಿ ಮಾಡಿಕೊಂಡದ್ದು ಒಂದೂ ಬರಲಿಲ್ಲ. ಎದ್ದೆ, ಕುರ್ಚಿ ಕಿರ್ರೆಂದಿತು, ಹೆಸ್ಟರ್, ಇಪ್ಪತ್ತಾರು ನಂಗೆ ಗೊತ್ತಿರೋ ಹುಡುಗಿ, ಮತ್ತೆ ಈ ಅಜ್ಜಿ ಕಥೆ ಎಲ್ಲ ನಾನೇ ಹೇಳಿಕೊಟ್ಟದ್ದು, ತಪ್ಪು ನಂದು, ಅವರದ್ದಲ್ಲ. ಹೆಸ್ಟರ್ ಬಂದು ನನ್ನ ಹೆಗಲು ಮುಟ್ಟಿದರು, ಒಳ್ಳೇದೇ ಮಾಡಿದೀಯಮ್ಮ, ಯಾರಾದ್ರೂ ಹೇಳಿಕೊಡಲೇಬೇಕಲ್ಲ, ಉಳ್ಳವರ ಮನೇಲಿ ಅಪ್ಪಂದಿರು ಹೇಳಿಕೊಡ್ತಾರೆ, ಆದ್ರೆ ಪೆಟ್ಟಿಗೇಲಿ ಏನಿದೆಯೋ ಅದಕ್ಕೇ ಅಂಕ, ಗೊತ್ತಿರೋರದ್ದಾದ್ರೆ ಗ್ರಹಾಂಗೆ ಕೊಟ್ಬಿಡು. ಅಲ್ಲ, ಅವಳದ್ದು ಪೂರ್ತಿ ಆಗಿಲ್ಲ, ಅಲ್ಲಿ ಇನ್ನೂ ಇದೆ, ಅವಳು ಬರೀ ನೀರು ಹಾಕಿ ನೋಡಿದಾಳೆ, ಎನ್ನುತ್ತಿದ್ದೇನೆ, ಹೆಸ್ಟರ್ ಅಂಗೈ ಎತ್ತಿದರು, ಬೇಡ, ಅರ್ಜೀಲಿ ಇಲ್ಲದ್ದನ್ನ ನಂಗೆ ಹೇಳ್ಬೇಡ ಬ್ರಯನಿ, ಒಬ್ಬರದ್ದು ಕಿವಿಗೆ ಹಾಕ್ಕೊಂಡ್ರೆ ಉಳಿದ ಇನ್ನೂರು ಜನಕ್ಕೆ ನಾನೇನು ಹೇಳ್ಲಿ, ಹಿಂದೆ ಹೀಗೇ ಅಲ್ವಾ ನಡೀತಿದ್ದದ್ದು, ಒಬ್ಬರು ಬಂದು ಇನ್ನೊಬ್ಬರ ಕಿವೀಲಿ ಹೇಳೋದು. ನಿಜ, ಹೀಗೇ ನಡೆಯುತ್ತಿತ್ತು, ಅದನ್ನು ನಿಲ್ಲಿಸಲೆಂದೇ ಈ ಪೆಟ್ಟಿಗೆ, ನಾಲಿಗೆಯ ಮೇಲೆ ತಣ್ಣಗಾದ ಚಹಾದ ರುಚಿ. ಹಾಗಾದ್ರೆ ಆ ಪೆಟ್ಟಿಗೇಲಿ ಇನ್ನೊಂದು ಸಾಲು ಕೇಳಿ, ನೀವೇ ಮಾಡಿ ನೋಡಿದ್ದೇನು ಅಂತ, ಎಂದೆ, ಮುಂದಿನ ವರ್ಷ ನೋಡೋಣ, ಎಂದರು, ಮುಂದಿನ ವರ್ಷಕ್ಕೆ ಹಣ ಬಂದ್ರೆ.

ಗ್ರಹಾಂ ಒಂದು ನಿಮಿಷವೂ ತೆಗೆದುಕೊಳ್ಳಲಿಲ್ಲ, ಅಜ್ಜಿ, ಕಲ್ಲು, ಹಾಂ, ಇದೇನಿದು ಕೊನೇಲಿ, ಬಚ್ಚಲು ತೊಳೆಯೋದಾ, ಪಾಪ, ಎಲ್ಲಿಂದಲೋ ಅಂಟಿಕೊಂಡು ಬಂದಿರಬೇಕು, ಎಂದು ಒಂದನ್ನು ಒತ್ತಿದರು, ಎಷ್ಟು ಸಣ್ಣ ಸದ್ದು ಅದು, ಉಗುರು ಮೇಜಿಗೆ ತಾಗಿದಷ್ಟು, ಇಗೋ ಬದಲಿಗೆ ನನ್ನದೊಂದು ತಗೋ ಮರೀ, ಲೆಕ್ಕ ಸರಿಹೋಗಲಿ. ಅವರು ಕೊಟ್ಟದ್ದು ಚೆನ್ನಾಗಿದೆ, ಅದೇ ಕಷ್ಟ, ಕೆಟ್ಟದಾಗಿದ್ದರೆ ಬೈಯಬಹುದಿತ್ತು, ಜೇನು ಸಾಕಿದ ಹುಡುಗ, ಹಿತ್ತಲಲ್ಲಿ ಆರು ಗೂಡು, ಗೂಡಿನ ತೂಕ ವಾರವಾರ ಬರೆದಿಟ್ಟಿದ್ದಾನೆ, ಬರೆದದ್ದನ್ನು ಮೊದಲ ಸಾಲಿನಲ್ಲೇ ಹೇಳಿದ್ದಾನೆ, ಮೊದಲ ಸಾಲಿನಲ್ಲಿ ಹೇಳಬೇಕೆಂದು ಅವನಿಗೆ ಯಾರೋ ಹೇಳಿದ್ದಾರೆ, ಅಥವಾ ಯಾರೂ ಬೇಡವೆನ್ನಲಿಲ್ಲ, ಐದು, ಸ್ವಂತ ದನಿಗೆ ಐದು, ಅವನಿಗೆ ಸಲ್ಲಬೇಕಾದದ್ದೇ. ಇಪ್ಪತ್ತೇಳು, ಇಪ್ಪತ್ತೆಂಟು ಅಜ್ಜಿ, ಒಂದು, ಇಪ್ಪತ್ತೊಂಬತ್ತು, ಇವತ್ತು ಶುಕ್ರವಾರ, ರಜೆಯವರು ಖಾಲಿ ಮಾಡುವ ದಿನ, ಅವಳೀಗ ಅಲ್ಲಿದ್ದಾಳೆ, ಸಮುದ್ರದ ಕಡೆಯ ಸಾಲಿನಲ್ಲಿ, ರಬ್ಬರಿನ ಕೈಗವಸಿನೊಳಗೆ ಬೆರಳು ಬೆವೆತು, ಸಂಜೆ ಫೋನು ಮಾಡುತ್ತಾಳೆ, ನೀನು ಅಲ್ಲೇ ಇದ್ದೆಯಲ್ಲ, ನಂದು ಕಂಡಿತಾ, ಹೆಂಗಿತ್ತು, ಅಜ್ಜಿ ಚೆನ್ನಾಗಿ ಬಂದಿದ್ಳಾ, ಹೇಳುವಂತಿಲ್ಲ ಎನ್ನುತ್ತೇನೆ, ನಿಯಮ ಎನ್ನುತ್ತೇನೆ, ಅವಳು ಸರಿ ಬಿಡು ಎನ್ನುತ್ತಾಳೆ, ಪಟ್ಟಿಯ ಹಿಂಭಾಗದಲ್ಲಿ ಮೂರನೇ ಬೇಸಿಗೆ ಇನ್ನು ಬರೆಯುವುದಿಲ್ಲ, ಮೂವತ್ತನೆಯದಕ್ಕೆ ಮೂರು, ಕಳುಹಿಸು, ಪರದೆಯ ಮೇಲೆ ಹಸಿರು ಗುರುತು, ನಿಮ್ಮ ಕೆಲಸ ಪೂರ್ಣಗೊಂಡಿದೆ, ಒಂದು ಗಂಟೆಗೆ ನಾಲ್ಕು ನಿಮಿಷ ಇರುವಾಗಲೇ, ವೆರಿಗುಡ್ ಎಂದರು ಹೆಸ್ಟರ್ ದೂರದಿಂದ, ಬಿಳಿಯ ತೊಟ್ಟಿ, ಉಜ್ಜಿ ಉಜ್ಜಿ ಬೆಳ್ಳಗಾದ ತೊಟ್ಟಿ, ಮೂರನೇ ದಿನ, ತೂಬಿನ ಸುತ್ತ ಗುಲಾಬಿ ಬಳೆ, ಬೇಲಿಯ ಕಡೆಯ ಸಾಲಿನಲ್ಲಿ ಐದನೇ ದಿನ, ಗುಲಾಬಿ ಬಳೆ, ಬರೀ ನೀರು ಹಾಕಿದ ಆ ನಾಲ್ಕು ತೊಟ್ಟಿಗಳಲ್ಲಿ ಎಷ್ಟನೇ ದಿನ, ನಾನು ಕೇಳಲೇ ಇಲ್ಲ, ಗುಲಾಬಿ ಬಳೆ