ಸಂತಾನನ ಗಾಳಕೋಲು ಹಿನ್ನೀರಿಗೆ ಹೋದದ್ದು

ಮೀನು ಹಿಡಿಯುವುದಕ್ಕಿಂತ ಗಾಳದ ಕೋಲನ್ನು ನೀರಿನವರೆಗೆ ಒಯ್ಯುವುದೇ ದೊಡ್ಡ ಕೆಲಸ ಎಂಬುದು ಆ ವಾರವಿಡೀ ಜುಲಿಯಾನಾಳ ತಲೆಯಲ್ಲಿ ಕೂತಿತ್ತು. ಕೋಲು ಅವಳ ಮಾವ ಸಂತಾನನದು. ಎರಡಾಳು ಉದ್ದದ, ಎಲ್ಲೂ ಜೋಡಣೆಯಿಲ್ಲದ ಒಂದೇ ಬಿದಿರು. ಹಿತ್ತಲಿನ ಮೆಳೆಯಿಂದ ತಾನೇ ಕಡಿದು, ತುದಿಗೆ ಕಲ್ಲು ಕಟ್ಟಿ ಒಲೆಯ ಮೇಲೆ ತೂಗುಬಿಟ್ಟು, ಹೊಗೆ ಕುಡಿಸಿ ಕುಡಿಸಿ ನೇರ ಮಾಡಿದ್ದ. ಸಂತಾನ ತೀರಿ ನಾಳೆಗೆ ಒಂದು ವರ್ಷ.

ಸಾಂಬ್ರಾಣಿಯ ಹತ್ತಿರದ ಆ ಸಿದ್ದಿ ಕೇರಿಯಲ್ಲಿ ಉಳಿದವರ ಮನೆಯಲ್ಲಿ ಹೇಗೋ, ಇವರ ಮನೆಯ ರೀತಿ ಹೀಗೆ: ವರ್ಷದ ದಿನ ಬೆಳಿಗ್ಗೆ ಇಗರ್ಜಿಯಲ್ಲಿ ಪೂಜೆ, ಮಧ್ಯಾಹ್ನ ತೀರಿಕೊಂಡ ಹಿರಿಯರಿಗೆ ಎಲೆಯಲ್ಲಿ ಊಟ ಬಡಿಸಿಡುವುದು. ಗಾಳ ಹಾಕುತ್ತಿದ್ದವರು ತೀರಿಕೊಂಡರೆ ಎಲೆಯ ಮೀನು ಅವರದೇ ಕೋಲಿನಿಂದ, ಮನೆಯವರದೇ ಕೈಯಿಂದ ಬರಬೇಕು. ಅಲ್ಲಿಯವರೆಗೆ ಆ ಕೋಲನ್ನು ಯಾರೂ ಮುಟ್ಟುವಂತಿಲ್ಲ. ಆಮೇಲೆ ಅದು ಮಗನಿಗೆ. ಊರ ಕೆರೆಯನ್ನು ಈ ಸಲ ಯಾರೋ ಗುತ್ತಿಗೆ ಹಿಡಿದಿದ್ದರಿಂದ ಅಲ್ಲಿ ಗಾಳ ಹಾಕುವ ಹಾಗಿರಲಿಲ್ಲ. ಹಾಗಾಗಿ ಜೋಯಿಡಾ ದಾರಿಯ ಹಿನ್ನೀರಿಗೆ ಹೋಗುವುದೆಂದು ಅತ್ತೆ ರೀಟಾ ತೀರ್ಮಾನಿಸಿದ್ದಳು. ಮದುವೆಯಾದ ಹೊಸತರಲ್ಲಿ ಅವಳೂ ಸಂತಾನನೂ ರಸ್ತೆ ಕೆಲಸಕ್ಕೆಂದು ಅಲ್ಲಿ ಡೇರೆ ಹಾಕಿಕೊಂಡಿದ್ದರು. ಆ ನೀರು ಅವಳಿಗೆ ಗೊತ್ತು.

"ಕೋಲು ಒಯ್ಯೂದು ನಿನ್ನ ಜವಾಬ್ದಾರಿ," ಎಂದಳು ರೀಟಾ. "ನೀ ಎಲ್ಲಾ ನೋಡಿ ನೋಡಿ ಮಾಡಾಕಿ."

ಹಳಿಯಾಳದ ಹೈಸ್ಕೂಲಿನಲ್ಲಿ ಪಾಠ ಮಾಡುವ ಸೊಸೆಗೆ ಅತ್ತೆ ಹೊರಿಸಿದ ಮೊದಲ ದೊಡ್ಡ ಕೆಲಸ ಅದು. ಜುಲಿಯಾನಾ ನೋಡಿಯೇ ನೋಡಿದಳು. ಗಂಡ ಅಂತೋನಿ ಕಬ್ಬಿನ ಟ್ರ್ಯಾಕ್ಟರಿಗೆ ಹೋಗುವ ಮುಂಚೆ ಬೈಕಿನ ಮೇಲೆ ಮುಟ್ಟಿಸಿಬರುತ್ತೇನೆ ಎಂದ. ತಿರುವಿನಲ್ಲಿ ಹಿಂದಿನ ತುದಿ ಯಾರದೋ ಕಣ್ಣಿಗೆ ಹೋದ ಚಿತ್ರ ಅವಳ ಮುಂದೆ ಬಂತು. ಬೇಡವೆಂದಳು. ನೆರೆಮನೆಯ ಇಮ್ರಾನ ತನ್ನ ಟೆಂಪೋದ ಮೇಲೆ ಕಟ್ಟಿಕೊಂಡು ಹೋಗೋಣ ಎಂದ. ಕಾಡು ಶುರುವಾದ ಮೇಲೆ ಕೊಂಬೆಗಳು ಎಷ್ಟು ಕೆಳಗೆ ಬಾಗಿರುತ್ತವೆ ಎಂದು ಎರಡು ಸಲ ಕೇಳಿ, ಅದನ್ನೂ ಬೇಡವೆಂದಳು. 

"ಹಂಗಾದ್ರ ಕೋಲಿಗೆ ಹೆಲಿಕಾಪ್ಟರ್ ತರಸ್ಲಿ," ಎಂದು ಇಮ್ರಾನ ಅಂತೋನಿಗೆ ಹೇಳಿದ್ದು ಅವಳಿಗೂ ಕೇಳಿಸಿತು.

ಕೊನೆಗೆ ಬಸ್ಸೇ ಆಯಿತು. ಕೊಕ್ಕೆ ಬಿಚ್ಚಿ ಡಬ್ಬಿಗೆ ಹಾಕಿದಳು. ದಾರವನ್ನು ದಪ್ಪ ತುದಿಗೆ ಸುತ್ತಿದಳು. ಸಣ್ಣ ತುದಿಗೆ ಹಳೆಯ ಲಂಗದ ಬಟ್ಟೆ ಸುತ್ತಿ, ಹಿಂದೆ ಬರುವವರಿಗೆ ಕಾಣಲೆಂದು ಮೇಲೊಂದು ಕೆಂಪು ಚಿಂದಿ ಕಟ್ಟಿದಳು. ಓಣಿಯಲ್ಲಿ ದಪ್ಪ ತುದಿ ಹಿಡಿದು ರೀಟಾ ಮುಂದೆ, ಸಣ್ಣ ತುದಿ ಹಿಡಿದು ಇವಳು ಹಿಂದೆ. ಪ್ರತಿ ಮೂಲೆಯಲ್ಲೂ ಮುಂದಿನವಳು "ತಿರುಗ್ತೇನಿ" ಎಂದು ಕೂಗಬೇಕು, ಹಿಂದಿನವಳು ಅಗಲಕ್ಕೆ ಸರಿದು ಸುತ್ತಬೇಕು. ಇದು ಆ ಮನೆಯವರು ಮೊದಲಿನಿಂದ ನಡೆಸಿಕೊಂಡು ಬಂದ ರೀತಿ. ಹಾಗೆಯೇ ದಾಂಡೇಲಿಯವರೆಗೆ ಒಂದು ಬಸ್ಸಿನಲ್ಲಿ ಏನೂ ಆಗದೆ ಬಂದರು.

ದಾಂಡೇಲಿಯಲ್ಲಿ ಜೋಯಿಡಾ ಬಸ್ಸಿನ ಕಂಡಕ್ಟರ್ ಶೇಖಪ್ಪ ಬಾಗಿಲಲ್ಲೇ ತಡೆದ.

"ಏನ್ರಿ ಇದು, ಝಂಡಾ ಕಂಬ ಏನು?"

"ಗಾಳದ ಕೋಲ್ರಿ," ಎಂದಳು ಜುಲಿಯಾನಾ.

"ನನಗಿಂತ ಎತ್ತರ ಐತಿ. ಫುಲ್ ಟಿಕೆಟ್ ತಗೀಬೇಕಾಗ್ತೈತಿ."

"ತಗೀರಿ," ಎಂದಳು ರೀಟಾ. "ಆದ್ರ ಕಿಟಕಿ ಸೀಟ ಕೊಡ್ರಿ ಅದಕ್ಕ, ವಾಂತಿ ಮಾಡ್ಕೋತೈತಿ."

ಶೇಖಪ್ಪ ನಕ್ಕು, ತಾನೇ ಹಿಂದಿನ ಕಿಟಕಿಯಿಂದ ಕೋಲನ್ನು ಓರೆಯಾಗಿ ಒಳಗೆಳೆದುಕೊಂಡ. ಸೀಟುಗಳ ಕೆಳಗೆ ಉದ್ದಕ್ಕೆ ಮಲಗಿಸುವಾಗ ಜನ ಒಬ್ಬೊಬ್ಬರಾಗಿ ಕಾಲೆತ್ತಿದರು. ದಪ್ಪ ತುದಿ ಮುಂದಿನ ಸೀಟಿನ ಕಬ್ಬಿಣದ ಮೇಲೆ, ಸಣ್ಣ ತುದಿ ಹಿಂದೆ ಚಕ್ರದ ಉಬ್ಬಿನ ಮೇಲೆ ಕೂತಿತು. ನಡುವೆ ನೆಲಕ್ಕೂ ಕೋಲಿಗೂ ಒಂದು ಗೇಣು ಸಂದು. ತಾಗದೆ ಇರಲಿ ಎಂದು ಜುಲಿಯಾನಾಳೇ ಹಾಗೆ ಇಡಿಸಿದಳು.

ಪಕ್ಕದ ಸೀಟಿನಲ್ಲಿ ಗೋದುಬಾಯಿ ಎಂಬ ಮುದುಕಿ, ಜೋಯಿಡಾದ ಮಗಳ ಮನೆಗೆ ಅಕ್ಕಿ ಚೀಲ ಒಯ್ಯುತ್ತಿದ್ದವಳು, ಕಾಲನ್ನು ಸೀಟಿನ ಮೇಲೇ ಮಡಚಿಕೊಂಡಳು. "ನನ್ನ ಗಂಡಗೂ ನಾ ಇಷ್ಟ ಜಾಗಾ ಬಿಟ್ಟಿದ್ದಿಲ್ಲ ಬಾಯಿ," ಎಂದಳು.

ಬಸ್ಸು ಕಾಡಿನೊಳಗೆ ಹೊಕ್ಕಿತು. ರೀಟಾ ತೂಕಡಿಸಿದಳು. ಜುಲಿಯಾನಾ ಕೆಂಪು ಚಿಂದಿಯನ್ನೇ ನೋಡುತ್ತ ಕೂತಿದ್ದಳು. ತಲೆಯೆತ್ತಿದಾಗ ಮುಂದಿನ ಗಾಜಿನಲ್ಲಿ ಅರಣ್ಯದವರ ಗೇಟು ಕಂಡಿತು. ಅದರ ಪಕ್ಕ ಖಾಕಿ ಅಂಗಿ.

ಅವಳು ಮುಂಡಗೋಡ ಕಡೆಯ ಕಾಡಂಚಿನ ಕೇರಿಯಲ್ಲಿ ಬೆಳೆದವಳು. ಅಲ್ಲಿ ಖಾಕಿ ಕಂಡರೆ ಮೊದಲು ಕೈ ಮುಚ್ಚಿಡುತ್ತಿತ್ತು. ಮುಚ್ಚಿಡುವ ಅಗತ್ಯ ಇತ್ತೋ ಇಲ್ಲವೋ ಎಂದು ಮನಸ್ಸು ಆಮೇಲೆ ಕೇಳುತ್ತಿತ್ತು. ಸೌದೆ, ಜೇನು, ಕಳಲೆ ಇರಲಿ, ಅವಳ ಅವ್ವ ಒಮ್ಮೆ ಸಂತೆಯಲ್ಲಿ ಕೊಂಡ ಕಸಬರಿಗೆಯನ್ನೇ ಸೀರೆಯೊಳಗೆ ಅಡಗಿಸಿಕೊಂಡಿದ್ದಳು. ಈಗ ಜುಲಿಯಾನಾಳ ತಲೆಯಲ್ಲಿ ಪ್ರಶ್ನೆಗಳು ಒಂದರ ಹಿಂದೊಂದು ಓಡಿಬಂದವು. ಬಿದಿರು ಎಲ್ಲಿಯದು? ಹಿತ್ತಲದ್ದು ಎಂಬುದಕ್ಕೆ ಏನು ಸಾಕ್ಷಿ? ಕಡಿದವನು ಎಲ್ಲಿ? ಕಡಿದವನು ಮಣ್ಣಿನೊಳಗೆ. ಕೋಲನ್ನು ಇಳಿಸಿಕೊಂಡುಬಿಟ್ಟರೆ ನಾಳೆಯ ಎಲೆಗೆ ಏನು?

"ಅವ್ವಾ," ಎಂದಳು ಗೋದುಬಾಯಿಗೆ ಮೆಲ್ಲಗೆ, "ನಿಮ್ಮ ಚೀಲ ಸ್ವಲ್ಪ ಇದರ ಮ್ಯಾಲ ಸರಸ್ರಿ. ಗೇಟು ಬಂತು."

ಗೋದುಬಾಯಿ ಏಕೆಂದು ಕೇಳಲಿಲ್ಲ. ಅವಳೂ ಅದೇ ಸೀಮೆಯವಳು. ಇಬ್ಬರೂ ಸೇರಿ ಚೀಲ ಎತ್ತಿ, ಕೋಲು ಕಾಣದಂತೆ ನಟ್ಟನಡುವೆ ಇಳಿಸಿದರು. ಒಣಗಿದ ಅವರೆಕಾಯಿ ಬಿರಿದಷ್ಟೇ ಸಣ್ಣ ಸದ್ದಾಯಿತು. ಜುಲಿಯಾನಾ ಕೇಳಿಸಿಕೊಂಡಳು. ಕೇಳಿಸಿದ್ದನ್ನು ನಂಬದೆ ಕೈ ಮಡಚಿಕೊಂಡು ಕೂತಳು.

ಗಾರ್ಡ್ ಹತ್ತಿಬಂದ. ಎದೆಯ ಪಟ್ಟಿಯ ಮೇಲೆ ಶಿವಲಿಂಗ ಎಂದಿತ್ತು. ಮೇಲಿನ ಸಾಮಾನು ನೋಡಿದ, ಹಿಂದಿನವರೆಗೆ ಹೋಗಿ ತಿರುಗಿ ಬಂದ, ಕೆಂಪು ಚಿಂದಿಯ ಹತ್ತಿರ ನಿಂತ.

"ಏನಿದು?"

"ಅಕ್ಕಿ ಸಾಹೇಬ್ರ," ಎಂದಳು ಗೋದುಬಾಯಿ.

"ಅಕ್ಕಿಗೆ ಬಾಲ ಐತೇನು?"

ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕೆಂದರು. ಜುಲಿಯಾನಾ ಎದ್ದು ನಿಂತಳು. "ಗಾಳದ ಕೋಲ್ರಿ. ನಮ್ಮ ಹಿತ್ತಲದ್ದು. ನಮ್ಮ ಮಾವನೋರು ಮಾಡಿದ್ದು."

"ಗಾಳದ ಕೋಲ ಯಾರ ಕೇಳ್ತಾರ್ರಿ? ದಿನಾ ಹತ್ತ ಮಂದಿ ಒಯ್ತಾರ ಇಲ್ಲಿಂದ." ಅವನು ಬಗ್ಗಿ ನೋಡಿದ. "ಚೀಲ ಯಾಕ ಹೇರೀರಿ ಅದರ ಮ್ಯಾಲ? ಮುರೀತೈತಿ." ಎಂದು ಇಳಿದುಹೋದ.

ಎಚ್ಚರವಾಗಿದ್ದ ರೀಟಾ ಚೀಲವನ್ನು ಕಾಲಿನಿಂದ ಅತ್ತ ನೂಕಿದಳು. ಬಗ್ಗಿ ಹೆಬ್ಬೆರಳನ್ನು ಬಿದಿರಿನ ಮೇಲೆ ಮೆಲ್ಲಗೆ ಓಡಿಸಿದಳು. ಒಂದು ಗಂಟಿನ ಹತ್ತಿರ ಹೆಬ್ಬೆರಳು ನಿಂತಿತು.

"ಸೀಳೈತಿ," ಎಂದಳು. ಮತ್ತೆ ನೇರ ಕೂತು ಕಿಟಕಿಯ ಹೊರಗೆ ನೋಡತೊಡಗಿದಳು.

ಗೋದುಬಾಯಿ ತನ್ನ ಅಕ್ಕಿಯನ್ನೇ ಬೈದಳು. ಜುಲಿಯಾನಾಳಿಗೆ ಅತ್ತೆ ಇನ್ನೊಂದು ಮಾತಾಡಿದ್ದರೆ ಸಾಕಿತ್ತು. ಬೈಗುಳವಾದರೂ ಸರಿ. ಅಂತೋನಿಗೆ ಹೇಳುವುದು ಹೇಗೆ ಎಂದು ಒಂದು ವಾಕ್ಯ ಕಟ್ಟಿದಳು, ಅದರಲ್ಲಿ ಚೀಲ ತಾನಾಗಿ ಬಿದ್ದಂತೆ ಕೇಳಿಸಿತು. ಅಳಿಸಿ ಮತ್ತೊಂದು ಕಟ್ಟಿದಳು.

ಇಳಿಯುವ ಜಾಗ ಬಂದಾಗ ಶೇಖಪ್ಪ ಕೋಲನ್ನು ಕಿಟಕಿಯಿಂದ ಹೊರಗೆ ಜಾರಿಸಿದ. ಸೀಳಿದ ಜಾಗದಲ್ಲಿ ಅದು ಮುರಿದ ಕೈಯ ಹಾಗೆ ಜೋತಾಡಿತು. ಅವನು ನೋಡಿದ, ಈ ಸಲ ತಮಾಷೆ ಮಾಡಲಿಲ್ಲ.

ಹಿನ್ನೀರಿನ ಅಂಚಿಗೆ ಕಾಲುದಾರಿ ಇಳಿಯುತ್ತಿತ್ತು. ನೀರಿನೊಳಗೆ ಮುಳುಗಿ ಸತ್ತ ಮರಗಳ ಬೊಡ್ಡೆಗಳು ಕರ್ರಗೆ ನಿಂತಿದ್ದವು. ಮೀನು ಇರುವುದು ಆ ಬೊಡ್ಡೆಗಳ ಬುಡದಲ್ಲಿ. ದಡದಿಂದ ಅಲ್ಲಿಯವರೆಗೆ ಬರೀ ಜೊಂಡು. ಸಂತಾನ ಅಷ್ಟುದ್ದ ಕೋಲು ಮಾಡಿದ್ದೇ ದಡದ ಮೇಲೆ ಕೂತು ಜೊಂಡು ದಾಟಿಸಿ ಗಾಳ ಬಿಡಲಿಕ್ಕೆ.

ರೀಟಾ ಸೀಳಿಗೆ ದಾರ ಸುತ್ತಿದಳು, ಮೇಲೆ ಸೆರಗಿನ ಅಂಚು ಹರಿದು ಬಿಗಿದಳು. ಗಾಳದ ದಾರ ಬಿಚ್ಚಿ ಕೊಕ್ಕೆ ಕಟ್ಟಿ, ಎರೆಹುಳ ಚುಚ್ಚಿ ಬೀಸಿದಳು. ಕೋಲು ನಡುವಿನಲ್ಲೇ ಮೊಣಕೈ ಮಡಚಿದಂತೆ ಮಡಚಿತು. ಹುಳ ಜೊಂಡಿನೊಳಗೆ ಬಿತ್ತು. ಇನ್ನೊಮ್ಮೆ ಬಿಗಿದು ಬೀಸಿದಳು, ಇನ್ನೂ ಹತ್ತಿರ ಬಿತ್ತು.

"ಅತ್ತಿ," ಎಂದಳು ಜುಲಿಯಾನಾ, "ಚೀಲ ಇಡ್ರಿ ಅಂದಾಕಿ ನಾನು. ಗೋದುಬಾಯಿ ಅಲ್ಲ."

"ಗೊತ್ತೈತಿ. ಕಣ್ಣ ಮುಚ್ಚಿದ್ದೆ, ಕಿವಿ ಅಲ್ಲ."

"ಅವಾಗ ಯಾಕ ಸುಮ್ಮನಿದ್ರಿ?"

"ಏನ ಹೇಳ್ಲಿ? ಗೇಟು ನಾ ಮೊದ್ಲ ನೋಡಿದ್ರ ಅದರ ಮ್ಯಾಲ ನಾನ ಕೂತುಬಿಡ್ತಿದ್ದೆ. ಅಕ್ಕಿ ಚೀಲಕ್ಕಿಂತ ನಾ ವಜ್ಜಿ ಇದ್ದೇನಿ." ರೀಟಾ ನಗಲಿಲ್ಲ. ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. "ಸೀಳೈತಿ ಅಂತ ಇದನ್ನ ಕಡೀಬಾರದು ಅನಸ್ತೈತಿ ನನಗ," ಎಂದಳು.

"ದಾಂಡೇಲಿ ಪ್ಯಾಟ್ಯಾಗ ಮೀನ ಸಿಗ್ತಾವು," ಎಂದಳು ಜುಲಿಯಾನಾ. ಹೇಳುವಾಗಲೇ ಅದು ಉತ್ತರವಲ್ಲ ಎಂದು ಅವಳಿಗೆ ತಿಳಿದಿತ್ತು.

"ಪ್ಯಾಟಿ ಮೀನಿಗೆ ನಿಮ್ಮ ಮಾವ ಎಲಿ ಮುಂದ ಬರಾಂಗಿಲ್ಲ."

ಬಿಸಿಲು ಬೊಡ್ಡೆಗಳ ಮೇಲೆ ಏರಿತು. ಸಂಜೆಯ ಬಸ್ಸಿಗೆ ಮರಳಬೇಕು, ರಾತ್ರಿ ಮೀನು ಶುಚಿ ಮಾಡಿ ಉಪ್ಪು ಹಚ್ಚಿಡಬೇಕು. ರೀಟಾ ತನ್ನ ಕೈಚೀಲದಿಂದ ಕುಡುಗೋಲು ತೆಗೆದಳು. ತೆಗೆದವಳು ಒಮ್ಮೆ ಶಿಲುಬೆಯ ಗುರುತು ಮಾಡಿಕೊಂಡು, ಸೀಳಿನ ಮೇಲ್ಗಡೆ ಗಂಟಿನ ಪಕ್ಕದಲ್ಲಿ ಎರಡೇ ಏಟಿಗೆ ಕಡಿದಳು. ಸಣ್ಣ ಭಾಗವನ್ನು ಎತ್ತಿ ಗಾಳಿಯಲ್ಲಿ ಅಲುಗಿಸಿ ನೋಡಿದಳು. ಅದು ಇನ್ನೂ ಚುರುಕಾಗಿ ಬಳುಕುತ್ತಿತ್ತು.

"ಬಿದಿರಂತೂ ಅವಂದ," ಎಂದಳು. "ಆದ್ರ ದಡದಿಂದ ಮುಟ್ಟಾಂಗಿಲ್ಲ. ಬೊಡ್ಡಿ ತನಕಾ ಯಾರರ ಇಳೀಬೇಕು." ತನ್ನ ಊದಿದ ಮೊಣಕಾಲನ್ನು ನೋಡಿಕೊಂಡಳು. ಆಮೇಲೆ ಸೊಸೆಯನ್ನು ನೋಡಿದಳು. "ಈಜ ಬರ್ತೈತೇನು ನಿನಗ?"

"ಇಲ್ಲ."

"ಹಂಗಾದ್ರ ಸೊಂಟದ ಮ್ಯಾಲ ನೀರ ಬಂದ್ರ ನಿಲ್ಲು."

"ಮೊಸಳಿ?"

"ಅವು ಕೆಳಗ ದಾಂಡೇಲಿ ಕಡೆ. ಟೂರಿಸ್ಟ್ ಮಂದಿ ಬರೂದು ಅಲ್ಲೇ ಅಲ್ಲಾ."

ಜುಲಿಯಾನಾ ಚೂಡಿದಾರದ ಪ್ಯಾಂಟನ್ನು ಮೊಣಕಾಲಿನ ಮೇಲೆ ಮಡಚಿದಳು. ಇನ್ನೂ ಮೇಲೆ ಮಡಚಿ ಪ್ರಯೋಜನವಿಲ್ಲ ಎಂದು ಬಿಟ್ಟಳು. ಉಳಿದ ದಪ್ಪ ಭಾಗವನ್ನು ರೀಟಾ ಅವಳ ಎಡಗೈಗೆ ಕೊಟ್ಟಳು. ಹೆಜ್ಜೆ ಇಡುವ ಮುಂಚೆ ಕೆಸರು ಎಷ್ಟು ಆಳ ಎಂದು ಚುಚ್ಚಿ ನೋಡಲಿಕ್ಕೆ. ಬಲಗೈಯಲ್ಲಿ ಸಣ್ಣ ಭಾಗ.

ನೀರು ಮೊದಲು ಬೆಚ್ಚಗಿತ್ತು, ಜೊಂಡು ದಾಟಿದ ಮೇಲೆ ತಣ್ಣಗಾಯಿತು. ಅವಳು ಚುಚ್ಚಿದಳು, ಹೆಜ್ಜೆಯಿಟ್ಟಳು, ಮತ್ತೆ ಚುಚ್ಚಿದಳು. ಒಂದು ಕಡೆ ಕೋಲು ಸರ್ರನೆ ಒಳಗಿಳಿಯಿತು. ಅವಳು ಅಲ್ಲೇ ನಿಂತು ಬೇರೆ ಕಡೆ ಹುಡುಕಿದಳು. ಹೀಗೆ ಒಂದೊಂದೇ ಜಾಗ ಅನುಮಾನಿಸುತ್ತ ಹೋಗುವುದು ಅವಳಿಗೆ ಹೊಸತಲ್ಲ. ನೆಲದ ಮೇಲೂ ಅವಳು ನಡೆಯುವುದು ಹಾಗೆಯೇ. ನೀರು ಸೊಂಟಕ್ಕೆ ಬಂದಾಗ ಬೊಡ್ಡೆ ಕೈಯಳತೆಯಲ್ಲಿತ್ತು. ದಪ್ಪ ಕೋಲನ್ನು ಕೆಸರಿಗೆ ಊರಿ, ಅದಕ್ಕೆ ಒರಗಿ, ಹುಳವನ್ನು ಬೊಡ್ಡೆಯ ಬುಡಕ್ಕೆ ಬಿಟ್ಟಳು.

ಬಹಳ ಹೊತ್ತು ಏನೂ ಆಗಲಿಲ್ಲ. ಕಾಲಿಗೆ ಏನೋ ತಾಗಿತು, ಎಲೆಯಿರಬೇಕು. ಅವಳು ಅಲುಗಲಿಲ್ಲ. ಒಮ್ಮೆ ಮೀನು ಹುಳ ತಿಂದು ಕೊಕ್ಕೆ ಬಿಟ್ಟು ಹೋಯಿತು. ಕೊರಳಿಗೆ ಕಟ್ಟಿಕೊಂಡಿದ್ದ ಕುಪ್ಪಿಯಿಂದ ಇನ್ನೊಂದು ಹುಳ ತೆಗೆದು ಚುಚ್ಚಿದಳು. ಎರಡನೆಯ ಸಲ ತುದಿ ನೀರಿಗೆ ಮುತ್ತಿಡುವಂತೆ ಬಾಗಿತು. ಬಾಗಿದ್ದು ಏಳಲಿಲ್ಲ.

"ಎಳೀಬ್ಯಾಡ," ದಡದಿಂದ ರೀಟಾಳ ದನಿ. "ತಿರುಗಾಕೂ ಹೋಗಬ್ಯಾಡ. ಕೋಲ ಹಂಗ ಹಿಡಕೊಂಡು ಹಿಂದಕ್ಕ ಹಿಂದಕ್ಕ ಬಾ. ಬಂದ ದಾರ್ಯಾಗ ಬಾ."

ಬಂದ ದಾರಿ ಅವಳಿಗೆ ಒಂದೊಂದು ಹೆಜ್ಜೆಯೂ ನೆನಪಿತ್ತು. ಊರಿದ ದಪ್ಪ ಕೋಲನ್ನು ಅಲ್ಲೇ ಬಿಟ್ಟು ಹಿಂದಕ್ಕೆ ಕಾಲಿಟ್ಟಳು. ತುದಿ ಅತ್ತ ಇತ್ತ ಸೆಳೆಯಿತು, ಮುರಿಯುತ್ತದೆ ಅಂದುಕೊಂಡಳು. ಮುರಿಯಲಿಲ್ಲ. ಜೊಂಡಿನಲ್ಲಿ ಒಮ್ಮೆ ಸಿಕ್ಕಿಕೊಂಡು ಬಿಟ್ಟುಕೊಂಡಿತು. ಮೊಣಕಾಲಿನ ನೀರಿಗೆ ಬಂದಾಗ ರೀಟಾ ಕುಂಟುತ್ತ ಇಳಿದು ಬಂದು, ದಾರ ಹಿಡಿದು, ಮೀನಿನ ಕಿವಿರಿನೊಳಗೆ ಎರಡು ಬೆರಳು ತೂರಿಸಿ ಎತ್ತಿದಳು. ಅಂಗೈಗಿಂತ ಸ್ವಲ್ಪ ದೊಡ್ಡದು, ಕಪ್ಪು ಬೆನ್ನಿನದು.

ರೀಟಾ ಅದನ್ನು ಎರಡೂ ಕಡೆ ತಿರುಗಿಸಿ ನೋಡಿದಳು. ಆಮೇಲೆ ಮೀನನ್ನು ಒದ್ದೆ ಗೋಣಿಯೊಳಗೆ ಹಾಕಿ ಬಾಯಿ ಕಟ್ಟಿದಳು.

"ಇದು ಅವಂಗಾತು," ಎಂದಳು. "ನಾಳೆ ಬರೂ ಮಂದಿಗೆ ಬ್ಯಾಡೇನು?"

ಜುಲಿಯಾನಾ ಕೂದಲನ್ನು ಹೆಗಲಿನಿಂದ ಸರಿಸಿ, ಕೊರಳಿನ ಹುಳದ ಕುಪ್ಪಿ ಬಿಗಿಮಾಡಿಕೊಂಡು, ಕೋಲು ಎತ್ತಿಕೊಂಡು, ಮತ್ತೆ ಜೊಂಡಿನ ಕಡೆ ತಿರುಗಿದಳು.