ನುಸಿ ತಿಂದ ಕಂಬಳಿ

ಸಾವಂತ್ರವ್ವ ಟ್ರಂಕಿನಿಂದ ಕಂಬಳಿ ಎತ್ತಿ ಕೊಡವಿದಳು. ಸಣ್ಣ ಬೂದು ಪತಂಗಗಳು ಎದ್ದು, ಬೆಳಕು ಬೇಡವೆಂಬಂತೆ ಮತ್ತೆ ಟ್ರಂಕಿನೊಳಗೇ ಹೊಕ್ಕವು. ಕಂಬಳಿಯ ತೂತುಗಳಲ್ಲಿ ಅಂಗಳ ಕಾಣುತ್ತಿತ್ತು. ಅಂಗಳದಲ್ಲಿ ಅವಳ ತಮ್ಮ ಅಮಸಿದ್ದಪ್ಪನ ಹೆಣವಿತ್ತು.

“ಬೋರವ್ವ, ಏನ ಮಾಡಿಟ್ಟೀಯವಾ! ನುಸಿ ಪೂರಾ ತಿಂದೈತಿ. ಇದನ್ನ ಹೊಚ್ಚಿ ಕಳಸಿದ್ರ ನಾಕ ಮಂದಿ ಏನಂದಾರು?”

ಆ ಕಂಬಳಿಯ ಉಣ್ಣೆ ನೂತವಳು ಬೋರವ್ವ, ನೇಯ್ದವನು ಅವಳ ಗಂಡ ಅಮಸಿದ್ದಪ್ಪ. ಕರಿ ಮೈ, ಕೆಂಪು ಅಂಚು. ಮಣ್ಣಿಗೆ ಹೋಗುವಾಗ ಇದನ್ನೇ ಹೊಚ್ಚಿರಿ ಎಂದು ಅವನು ಹೇಳಿದ್ದ.

“ಯವ್ವಾ, ನಾ ಇಳಕಲ್ಲಿಗೆ ಹೋಗಿ ಹೊಸಾದು ತರತೇನಿ,” ಎಂದ ಬೋರವ್ವನ ಮಗ ಹುಲ್ಲಪ್ಪ. “ಬಸ್ ಬರೂ ಹೊತ್ತಾತು.”

ಬೋರವ್ವ ಕಂಬಳಿಯ ಕೆಂಪು ಅಂಚು ಹಿಡಿದುಕೊಂಡಳು.

*

ಮದುವೆಯಾದ ಹೊಸತರಲ್ಲಿ ಅಮಸಿದ್ದಪ್ಪ ಹಳೆಯ ಕಂಬಳಿಯೊಂದರ ಮಡಿಕೆ ಬಿಚ್ಚಿ ತೋರಿಸಿದ್ದ. ಅಕ್ಕಿಕಾಳಿನಷ್ಟು ಉದ್ದದ ಉಣ್ಣೆಯ ಕೊಳವೆ ತೆವಳುತ್ತಿತ್ತು. ಅದರ ತುದಿಯಿಂದ ಪುಟ್ಟ ತಲೆ ಹೊರಗೆ ಬಂತು.

“ನುಸಿ ಮರಿ. ತಿನ್ನೂ ಉಣ್ಣಿಲೇ ಅಂಗಿ ಮಾಡ್ಕೊಂಡೈತಿ ನೋಡು. ಬೆಳದಂಗ ಎರಡೂ ತುದಿಗೆ ಕೂಡಿಸ್ಕೋತ ಹೋಗತೈತಿ. ರೆಕ್ಕಿ ಬಂದ ಮ್ಯಾಲ ಏನೂ ತಿನ್ನಂಗಿಲ್ಲ.”

“ನಮ್ಮದ ತಿಂದು ತಾ ಅಂಗಿ ಹಾಕ್ಕೊಂಡೈತಲ್ಲರಿ!” ಬೋರವ್ವ ನಕ್ಕಿದ್ದಳು.

“ಬೆವರ ಹತ್ತಿದ ಕಂಬಳಿ ಅಂದ್ರ ಅದಕ್ಕ ಭಾಳ ಪ್ರೀತಿ. ತೊಳದು, ಬಿಸಲಿಗೆ ಹಾಕಿ ಇಡು.”

ಪ್ರತಿ ವರ್ಷವೂ ಹಾಗೇ ಮಾಡಿದಳು. ದೀಪಾವಳಿ ಮುಗಿಸಿ ಅವನು ಕುರಿ ಹೊಡೆದುಕೊಂಡು ಹೊಳೆಯ ದಂಡೆಗೆ ಹೊರಟರೆ, ಮನೆಯಲ್ಲಿ ಹೊದೆಯುತ್ತಿದ್ದ ಈ ಕರಿ ಕಂಬಳಿ ತೊಳೆಯಲು ಹಳ್ಳಕ್ಕೆ ಹೋಗುತ್ತಿತ್ತು. ಎಂಬತ್ತೊಂದನೇ ಇಸವಿಯಲ್ಲಿ ಅವನು ಕೆಮ್ಮುತ್ತಲೇ ಹೊರಟ. ಬೋರವ್ವನಿಗೆ ಭಯವಾಯಿತು. ಆ ಸಲ ತೊಳೆಯಲು ಮನಸ್ಸು ಬರಲಿಲ್ಲ. ಅವನ ವಾಸನೆ ಹೋದೀತೆಂದು ಟ್ರಂಕಿನ ಮುಚ್ಚಳವನ್ನೂ ಮತ್ತೆ ತೆರೆಯಲಿಲ್ಲ. ಯುಗಾದಿಯ ಮುಂಚೆ ಅವನ ಹೆಣವನ್ನು ಗಾಡಿಯಲ್ಲಿ ಮಲಗಿಸಿಕೊಂಡು ತಂದರು.

*

“ನಾನ ತೊಳೀಲಿಲ್ಲ,” ಎಂದಳು ಬೋರವ್ವ. “ಅದರಾಗ ಅವರ ವಾಸನಿ ಇತ್ತು. ಹೊಸಾದು ಬ್ಯಾಡ. ಇದನ್ನ ಹೊಚ್ರಿ.”

ಸಾವಂತ್ರವ್ವ ಅಂಗಳಕ್ಕೆ ಇಳಿದಳು. ತೂತು ಕಾಣದಂತೆ ಕಂಬಳಿಯನ್ನು ಎರಡು ಪದರು ಮಾಡಿ ತಮ್ಮನ ಮೇಲೆ ಹೊಚ್ಚಿದಳು. ಕಾಲುಗಳು ಹೊರಗೇ ಉಳಿದವು. ಬೋರವ್ವ ಪದರು ಬಿಚ್ಚಿ, ಕಾಲು ಮುಚ್ಚುವಂತೆ ಎಳೆದಳು. ಹಾಗೆಯೇ ಹೊತ್ತುಕೊಂಡು ಹೋದರು.

ಮಣ್ಣು ಮಾಡಿ ಬಂದವರು ಜಳಕಕ್ಕೆ ಹಿತ್ತಲಿಗೆ ಹೋದರು. ಬೋರವ್ವನ ಸೆರಗಿನ ಮೇಲೆ ಕರಿ ಕೊಳವೆಯೊಂದು ತೆವಳುತ್ತಿತ್ತು. ಅದರ ನಡುವೆ ಒಂದು ಗೆರೆಯಷ್ಟು ಕೆಂಪು.

“ಹೊಸಕಿ ಹಾಕ ಅದನ್ನ,” ಎಂದಳು ಸಾವಂತ್ರವ್ವ.

ಬೋರವ್ವ ಅದನ್ನು ಬೆರಳಿಗೆ ಹತ್ತಿಸಿಕೊಂಡು, ರಾಟಿಯ ಪಕ್ಕ ನೂಲಲು ಇಟ್ಟಿದ್ದ ಹೊಸ ಉಣ್ಣೆಯ ಮೇಲೆ ಬಿಟ್ಟಳು.